ಮೈಕು ಬಂದ್, ಪಿಟೀಲು ಚಾಲೂ!

2024ರ ಜೂನ್ ಕೊನೆಯ ಮಾತು. ಭೀಮಸಮುದ್ರದ ಬಸ್ ಸ್ಟ್ಯಾಂಡು. ಬಸ್ಸು ಬಂದಿರಲಿಲ್ಲ, ಜಗಳ ಬಂದಿತ್ತು! ಅಡಿಕೆ ಮಂಡಿಯ ಇಬ್ಬರು ಹುಡುಗರು, ಚಡ್ಡಿ ದೋಸ್ತಿಗಳು, ಮೊಬೈಲಿನಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯ ಚರ್ಚೆ ನೋಡಿದ್ದರು. ಒಬ್ಬ ಟ್ರಂಪ್ ಕಡೆ, ಒಬ್ಬ ಬೈಡನ್ ಕಡೆ. “ನೀ ಸುಮ್ನಿರಲೇ!” “ನೀ ಬಾಯ್ಮುಚ್ಚಲೇ!” ಬಸ್ಸು ಬಂದಾಗ ಒಬ್ಬ ಮುಂದಿನ ಬಾಗಿಲಲ್ಲಿ ಹತ್ತಿದ, ಇನ್ನೊಬ್ಬ ಹಿಂದಿನ ಬಾಗಿಲಲ್ಲಿ. ಊರು ಮುಟ್ಟುವವರೆಗೂ ಮಾತಿಲ್ಲ!

ಆ ಚರ್ಚೆಯ ಸ್ವಾರಸ್ಯ ಗಮನಿಸಿದ್ರಾ? ಒಬ್ಬರು ಮಾತಾಡುವಾಗ ಇನ್ನೊಬ್ಬರ ಮೈಕು ಬಂದ್! 2020ರ ಮೊದಲ ಚರ್ಚೆಯಲ್ಲಿ ಇದೇ ಇಬ್ಬರ ಮಾತು ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ ಆಗಿತ್ತಲ್ಲ, ಅದಕ್ಕೇ ಈ ಕಟ್ಟುಪಾಡು.

ನನಗೆ ನೆನಪಾದವರು ಪಿಟೀಲು ಚೌಡಯ್ಯನವರು. 1943ರಲ್ಲಿ ‘ವಾಣಿ’ ಚಿತ್ರ ತೆಗೆದ ನಮ್ಮ ಮೈಸೂರು ಟಿ. ಚೌಡಯ್ಯ! ಅವರದು ಮೈಕು ಅಪರೂಪವಾಗಿದ್ದ ಕಾಲ. 4 ತಂತಿಯ ನಾದ ಸಭೆಯ ಕೊನೇ ಸಾಲಿಗೆ ಮುಟ್ಟುತ್ತಿರಲಿಲ್ಲ. ಇನ್ನೂ 3 ತಂತಿ ಬಿಗಿದರು, 7 ಆಯ್ತು!

ಅಷ್ಟು ನಾದ ಕೈಯಲ್ಲಿದ್ದರೂ, ಚೆಂಬೈ ವೈದ್ಯನಾಥ ಭಾಗವತರು ಹಾಡುವಾಗ ನೆರಳಿನ ಹಾಗೆ ಹಿಂದೆಯೇ ಹೋಗಬೇಕು. ಅದೇ ಪಕ್ಕವಾದ್ಯದ ಧರ್ಮ. ಗಾಯಕರು ರಾಗ ಮುಗಿಸಿದ ಮೇಲೆ ಪಿಟೀಲಿನ ಸರದಿ. ಸ್ವರ ಹಾಕುವಾಗಂತೂ ಸವಾಲ್-ಜವಾಬ್! ಆದರೆ ಸವಾಲನ್ನು ಪೂರ್ತಿ ಕೇಳದವನು ಜವಾಬು ಕೊಡೋದು ಹೇಗೆ ಸ್ವಾಮಿ? ಅಲ್ಲಿ ಮೈಕು ಬಂದ್ ಮಾಡೋರು ಯಾರೂ ಬೇಡ. ಕಿವಿಯೇ ಕಡಿವಾಣ.

ನಮ್ಮ ರಾಷ್ಟ್ರಪತಿಯನ್ನು ಆರಿಸೋರು ಸಂಸದರು, ಶಾಸಕರು. ಅಲ್ಲಿ ಟಿವಿ ಚರ್ಚೆಯ ಗೊಡವೆ ಇಲ್ಲ. ಆದರೂ 1969 ಮರೆಯೋ ಹಾಗಿಲ್ಲ. ಆಗ ಕಾಂಗ್ರೆಸ್ ಅಧ್ಯಕ್ಷರು ನಮ್ಮ ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು. ಪಕ್ಷದ ಹುರಿಯಾಳು ಸಂಜೀವ ರೆಡ್ಡಿ. ಪ್ರಧಾನಿ ಇಂದಿರಾ ಗಾಂಧಿಯವರ ಬಣದ ಒಲವು ವಿ.ವಿ. ಗಿರಿಯವರ ಕಡೆ. ಗಿರಿ ಗೆದ್ದರು. ವರ್ಷ ಮುಗಿಯುವುದರೊಳಗೆ ಪಕ್ಷವೇ ಎರಡು ಹೋಳು! ಒಬ್ಬರ ಮಾತು ಒಬ್ಬರಿಗೆ ಕೇಳಿಸದಿದ್ದರೆ ದೊಡ್ಡ ಮನೆಯೂ ಒಡೆಯುತ್ತೆ. ಇನ್ನು ಚಡ್ಡಿ ದೋಸ್ತಿಯ ಪಾಡೇನು?

ಹೀರೋಗಾಗಿ, ಪಾರ್ಟಿಗಾಗಿ ವಾದ ಮಾಡ್ರಪ್ಪಾ, ಬೇಡ ಅನ್ನೋನು ನಾನಲ್ಲ. ಬೇಕಿದ್ದರೆ ಗಂಟಲಿಗೆ 7 ತಂತಿ ಬಿಗೀರಿ! ಆದರೆ ಎದುರಿನವನ ಸರದಿ ಬಂದಾಗ ಕಿವಿ ಕೊಡಿ. ಬಸ್ಸಿಗೆ ಬಾಗಿಲು ಎರಡಿದ್ದರೂ ಸೀಟು ಪಕ್ಕಪಕ್ಕ ಇರಲಿ. ಏನಂತೀರಿ?