17 ಕೋಟಿ ಭಯ ಮಾರಾಟವಾಯಿತು, ಕನ್ನಡದಲ್ಲಿ ಒಂದೂ ಇಲ್ಲ!

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹುಡುಗರೇ, ಒಂದು ಪ್ರಶ್ನೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ದೀಪ ಆರಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಂಪ್ಯೂಟರಿನ ಮುಂದೆ ಕೂತು ನೀವು ಬೆವರುತ್ತೀರಲ್ಲ, ಯಾವ ಭಾಷೆಯಲ್ಲಿ ಹೆದರುತ್ತೀರಿ?

ನಗಬೇಡಿ. ಇದು ತಮಾಷೆಯ ಪ್ರಶ್ನೆಯಲ್ಲ, ದುಡ್ಡಿನ ಪ್ರಶ್ನೆ. ಯಾರ ಭಾಷೆ ಲೆಕ್ಕಕ್ಕೆ ಬರುತ್ತದೆ, ಯಾರದು ಬರುವುದಿಲ್ಲ ಎನ್ನುವ ಪ್ರಶ್ನೆ.

ಜಪಾನಿನ ಒಸಾಕಾದಲ್ಲಿ ಕ್ಯಾಪ್‌ಕಾಮ್ ಎಂಬ ಕಂಪನಿ ಇದೆ. 1996ರ ಮಾರ್ಚ್ 22ರಂದು ಅದು 'ಬಯೋಹಜಾರ್ಡ್' ಎಂಬ ಆಟವನ್ನು ಪ್ಲೇಸ್ಟೇಷನ್ನಿಗೆ ಬಿಟ್ಟಿತು. ಜಪಾನಿನ ಹೊರಗೆ ಇದೇ 'ರೆಸಿಡೆಂಟ್ ಈವಿಲ್'. ಕಾಡಿನ ನಡುವೆ ಒಂದು ಹಳೇ ಬಂಗಲೆ, ಒಳಗೆ ಓಡಾಡುವ ಹೆಣಗಳು, ಕೈಯಲ್ಲಿ ಎಣಿಸಿ ಇಟ್ಟಷ್ಟೇ ಗುಂಡು. ಗುಂಡು ಹಾರಿಸಬೇಕೋ, ಓಡಬೇಕೋ? ಈ ಒಂದು ಸಂಕಟವನ್ನೇ ಬಂಡವಾಳ ಮಾಡಿಕೊಂಡು ಕಂಪನಿ ಸುಮಾರು ಮೂವತ್ತು ವರ್ಷ ಅಂಗಡಿ ನಡೆಸಿದೆ. 2025ರ ಮಾರ್ಚ್ ಕೊನೆಯ ಹೊತ್ತಿಗೆ ಈ ಸರಣಿಯ ಆಟಗಳು ಮಾರಾಟವಾದದ್ದು 17 ಕೋಟಿ ಪ್ರತಿ!

ಈ 17 ಕೋಟಿ ಹೇಗೆ ಬಂತು ಎನ್ನುವುದನ್ನು ಸ್ವಲ್ಪ ನೋಡಿ. ಸರಣಿಯ ಏಳನೆಯ ಆಟ 2017ರ ಜನವರಿಯಲ್ಲಿ ಬಂತು. ಆ ಮಾರ್ಚ್ ಮುಗಿಯುವುದರೊಳಗೆ 40 ಲಕ್ಷ ಹೋಗಬೇಕು ಎಂದು ಕಂಪನಿ ಗುರಿ ಇಟ್ಟುಕೊಂಡಿತ್ತು. ಹೋದದ್ದು 35 ಲಕ್ಷ. ನಮ್ಮಲ್ಲಾಗಿದ್ದರೆ 'ಫ್ಲಾಪ್' ಎಂದು ಪೋಸ್ಟರ್ ಕಿತ್ತು ಹಾಕುತ್ತಿದ್ದರು. ಅವರು ಕೀಳಲಿಲ್ಲ. ವರ್ಷ ಕಳೆದಂತೆ ಬೆಲೆ ಇಳಿಸಿದರು, ಹಬ್ಬಕ್ಕೊಂದು ರಿಯಾಯಿತಿ ಕೊಟ್ಟರು, ಹೊಸ ಆಟ ಬಂದಾಗಲೆಲ್ಲ ಹಳೆಯದನ್ನು ಪಕ್ಕದಲ್ಲೇ ಇಟ್ಟು ಮಾರಿದರು. ಅದೇ ಆಟ ಈಗ ಒಂದೂವರೆ ಕೋಟಿ ದಾಟಿದೆ. ಎರಡನೆಯ ಆಟವನ್ನು 2019ರಲ್ಲಿ ಹೊಸದಾಗಿ ಮಾಡಿ ಬಿಟ್ಟರು, ಅದೂ ಒಂದೂವರೆ ಕೋಟಿ ದಾಟಿತು. ನಾಲ್ಕನೆಯದನ್ನು 2023ರಲ್ಲಿ ಹೊಸದಾಗಿ ಮಾಡಿದರು, ಎರಡೇ ವರ್ಷದಲ್ಲಿ ಒಂದು ಕೋಟಿ.

ಬೆಲೆ ಇಳಿಸಿದ್ದು ಒಂದು ಕಡೆ. ಇನ್ನೊಂದು ಗುಟ್ಟು ಇದೆ: ಭಾಷೆ. ಆ 2023ರ ಆಟದ ಭಾಷೆಗಳ ಪಟ್ಟಿ ತೆಗೆದು ನೋಡಿ. ಜಪಾನಿ, ಇಂಗ್ಲಿಷ್ ಇರಲಿ ಬಿಡಿ. ಫ್ರೆಂಚ್ ಇದೆ, ಜರ್ಮನ್ ಇದೆ, ಇಟಾಲಿಯನ್ ಇದೆ, ಕೊರಿಯನ್ ಇದೆ, ಚೀನಿ ಇದೆ, ಅರೇಬಿಕ್ ಇದೆ, ಪೋಲಿಷ್ ಕೂಡ ಇದೆ. ಭಾರತದ ಭಾಷೆ? ಒಂದೂ ಇಲ್ಲ.

ಪೋಲಿಷ್ ಮಾತಾಡುವವರು ಎಷ್ಟು ಜನ ಅಂದುಕೊಂಡಿರಿ? ಪೋಲೆಂಡಿನ ಇಡೀ ಜನಸಂಖ್ಯೆ 4 ಕೋಟಿಗೂ ಕಮ್ಮಿ. 2011ರ ಜನಗಣತಿಯಲ್ಲಿ ಕನ್ನಡ ನನ್ನ ತಾಯಿನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ತಲೆ ಎಣಿಸಿದರೆ ನಾವೇ ಹೆಚ್ಚು! ಅವರ ಜೇಬು ನಮ್ಮದಕ್ಕಿಂತ ದೊಡ್ಡದು, ನಿಜ. ಹೊಸ ಆಟವೊಂದಕ್ಕೆ ಸಾವಿರಾರು ರೂಪಾಯಿ ಸುರಿಯುವ ಹುಡುಗರು ನಮ್ಮಲ್ಲಿ ಕಮ್ಮಿ, ಅದೂ ನಿಜ. ಆದರೆ ಪೋಲೆಂಡಿನ ಹುಡುಗ 'ನನಗೆ ಇಂಗ್ಲಿಷ್ ಬರುತ್ತದೆ, ಸಾಕು' ಎಂದು ಸುಮ್ಮನೆ ಕೂರಲಿಲ್ಲ. ನಾವು ಕೂತಿದ್ದೇವೆ. ಕೂತಿರುವುದಷ್ಟೇ ಅಲ್ಲ, ಅದನ್ನೇ ಜಂಬ ಎಂದುಕೊಂಡಿದ್ದೇವೆ.

'ಆಟಕ್ಕೆ ಭಾಷೆ ಯಾಕ್ರೀ, ಗುಂಡು ಹೊಡೆದರೆ ಆಯ್ತು' ಎನ್ನುವವರಿದ್ದಾರೆ. ಅಂಥವರು ಈ ಆಟವನ್ನು ಆಡಿಲ್ಲ, ಬರೀ ಗುಂಡಿ ಒತ್ತಿದ್ದಾರೆ ಅಷ್ಟೇ. ಮೊದಲ ಆಟದ ಬಂಗಲೆಯಲ್ಲಿ ಒಂದು ಡೈರಿ ಸಿಗುತ್ತದೆ. ಅಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುತ್ತಿದ್ದ ಆಳು ಬರೆದದ್ದು. ಮೊದಮೊದಲು ಸರಿಯಾದ ವಾಕ್ಯ, ಇಸ್ಪೀಟಾಟದ ಸುದ್ದಿ, ಸಹೋದ್ಯೋಗಿಗಳ ಮೇಲೆ ಗೊಣಗಾಟ. ಆಮೇಲೆ ಮೈ ತುರಿಕೆ. ದಿನ ಕಳೆದಂತೆ ವಾಕ್ಯ ಮುರಿಯುತ್ತದೆ, ಪದಗಳು ಉದುರುತ್ತವೆ, ಕೊನೆಗೆ ಒಂದೆರಡು ಪದ ಮಾತ್ರ. ಬರೆಯುತ್ತಿದ್ದವನು ಮನುಷ್ಯನಾಗಿ ಉಳಿದಿಲ್ಲ ಎಂದು ಆಗ ಗೊತ್ತಾಗುತ್ತದೆ. ಒಬ್ಬ ಮನುಷ್ಯನ ಭಾಷೆ ಸಾಯುವುದನ್ನು ಕಣ್ಣೆದುರು ತೋರಿಸುವ ಭಯ ಅದು. ಇದು ಬೆನ್ನುಮೂಳೆಗೆ ಇಳಿಯಬೇಕಾದರೆ ಓದಿದ್ದು ತಾಯಿನುಡಿಯಲ್ಲಿರಬೇಕು. ಅರಕಲಗೂಡಿನ ಕನ್ನಡ ಶಾಲೆಯಲ್ಲಿ ಓದಿದ ಹುಡುಗ ಆ ಪುಟವನ್ನು ದಾಟಿಸಿ ಮುಂದೆ ಹೋಗುತ್ತಾನೆ. ಅವನು ಪೂರ್ತಿ ದುಡ್ಡು ಕೊಟ್ಟು ಅರ್ಧ ಆಟ ಕೊಂಡಂತಾಯಿತು!

'ಕನ್ನಡಿಗರು ಕೊಳ್ಳುವುದಿಲ್ಲ ಸಾರ್, ಮಾರ್ಕೆಟ್ ಇಲ್ಲ' ಎಂಬುದು ಮುಂದಿನ ರಾಗ. ಈ ರಾಗವನ್ನು ಎಲ್ಲಿ ಬೇಕಾದರೂ ಹಾಡಲಿ, ಹಾಸನ ಜಿಲ್ಲೆಯವರ ಮುಂದೆ ಬೇಡ. ಹುಟ್ಟಿದ್ದು ಕೋಲಾರದಲ್ಲಾದರೂ ಹೆಸರಿನ ಮುಂದೆ ಅರಕಲಗೂಡನ್ನೇ ಇಟ್ಟುಕೊಂಡ ಅ.ನ. ಕೃಷ್ಣರಾಯರು ನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಕನ್ನಡ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳುವ ಚಟವನ್ನು ಜನಕ್ಕೆ ಹತ್ತಿಸಿದರು. ಚನ್ನರಾಯಪಟ್ಟಣ ತಾಲ್ಲೂಕು ಸಂತೇಶಿವರದ ಎಸ್.ಎಲ್. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡರಲ್ಲ, ಅವರ 'ಆವರಣ' 2007ರಲ್ಲಿ ಬಿಡುಗಡೆಗೆ ಮುಂಚೆಯೇ ಖರ್ಚಾಗಿತ್ತು. ಒಪ್ಪಿದವರೂ ಕೊಂಡರು, ಬೈಯಬೇಕೆಂದವರೂ ಕೊಂಡೇ ಬೈದರು! ಭಯ, ರಹಸ್ಯಗಳಿಗೆ ಗಿರಾಕಿ ಇಲ್ಲ ಎನ್ನುವುದಂತೂ ಹಸೀ ಸುಳ್ಳು. ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದದ್ದು ಯಾರಿಗಾಗಿ? ನಮ್ಮ ಹಳದಿ-ಕೆಂಪು ಬಾವುಟ ಕೊಟ್ಟ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಕಾರರು ಎನ್ನುವುದು ಆ ಬಾವುಟ ಹಿಡಿದು ಓಡಾಡುವ ಎಷ್ಟು ಜನಕ್ಕೆ ಗೊತ್ತು?

ಇನ್ನು ನಮ್ಮವರೇ ಎತ್ತುವ ಒಂದು ಆಕ್ಷೇಪ. 'ಇದು ಡಬ್ಬಿಂಗ್ ಅಲ್ಲವೇ? ಡಬ್ಬಿಂಗ್ ವಿರುದ್ಧ ಹೋರಾಡಿದವರು ನಾವಲ್ಲವೇ?' ಹೌದು. 1960ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಬೀದಿಗಿಳಿದಾಗ ಕನ್ನಡ ಚಿತ್ರರಂಗ ಮದ್ರಾಸಿನ ಸ್ಟುಡಿಯೋಗಳಲ್ಲಿ ಬಾಡಿಗೆಗೆ ಬದುಕುತ್ತಿದ್ದ ಕೂಸು. ಆ ಕೂಸನ್ನು ಕಾಪಾಡಬೇಕಿತ್ತು. ಆದರೆ 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ನಿರ್ಬಂಧ ಕಾನೂನಿಗೆ ವಿರುದ್ಧ ಎಂದಿತು. 2022ರ ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ಬಂದ 'ಕಾಂತಾರ'ವನ್ನು ಹೊರಗಿನವರು ತಮ್ಮ ಭಾಷೆಯಲ್ಲಿ ಬೇಕು ಎಂದು ಕೇಳಿದರು. ಎರಡೇ ವಾರದಲ್ಲಿ ಹಿಂದಿಯಲ್ಲಿ ತೆರೆಗೆ ಬಂತು. ಅವರು ಕೇಳಿದರು, ಸಿಕ್ಕಿತು. ನಾವು ಕೇಳಲು ನಾಚುವುದೇಕೆ? ವಿಡಿಯೋ ಗೇಮಿನಲ್ಲಿ ನಾವು ಬಾಗಿಲು ಹಾಕಿ ಕಾಪಾಡಬೇಕಾದ ಅಂಥ ಕೂಸು ಯಾವುದಿದೆ? ಕನ್ನಡ ಬೇಡ ಎಂದರೆ ಆ ಜಾಗದಲ್ಲಿ ಕೂರುವುದು ಇಂಗ್ಲಿಷು, ನಾಳೆ ಹಿಂದಿ.

ಪೂರ್ತಿ ಮಾತು ಕನ್ನಡದಲ್ಲಿ ಬೇಕು ಎಂದು ಮೊದಲ ದಿನವೇ ಹಠ ಹಿಡಿಯುವುದೂ ಬೇಡ. 1996ರ ಆ ಮೊದಲ ಆಟದಲ್ಲಿ ಜಪಾನಿನವರಿಗೇ ಜಪಾನಿ ಮಾತು ಕೇಳಲಿಲ್ಲ. ಪಾತ್ರಗಳು ಇಂಗ್ಲಿಷಿನಲ್ಲಿ ಮಾತಾಡಿದವು, ಕೆಳಗೆ ಜಪಾನಿ ಅಕ್ಷರ ಬಂತು. ಅಷ್ಟು ನಮಗೂ ಸಾಕು. ಅಡಿಬರಹ, ಮೆನು, ಡೈರಿ, ಚೀಟಿಗಳು ಕನ್ನಡದಲ್ಲಿ ಬರಲಿ.

'ಕನ್ನಡದ ಒತ್ತಕ್ಷರ ಆಟದೊಳಗೆ ಸರಿಯಾಗಿ ಮೂಡುವುದಿಲ್ಲ' ಎಂದು ಕೆಲವು ತಾಂತ್ರಿಕ ಪಂಡಿತರು ತಲೆ ಆಡಿಸುತ್ತಾರೆ. ಬಲದಿಂದ ಎಡಕ್ಕೆ ಹರಿಯುವ, ಜಾಗ ಬದಲಾದರೆ ಆಕಾರ ಬದಲಿಸುವ ಅರೇಬಿಕ್ ಮೂಡುತ್ತದೆ, ನಮ್ಮ ಒತ್ತು ಮೂಡುವುದಿಲ್ಲವೇ? ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿದೆ. ಆಟ ಕಟ್ಟುವ ಗೋಡೋ ಎಂಬ ಉಚಿತ ತಂತ್ರಾಂಶದ ನಾಲ್ಕನೆಯ ಆವೃತ್ತಿ 2023ರಲ್ಲಿ ಬಂತು, ಇಂಥ ಲಿಪಿಗಳನ್ನು ಅದು ಸರಿಯಾಗಿಯೇ ಜೋಡಿಸುತ್ತದೆ. 1960ರಿಂದ ಹಾಸನದಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇದೆ. ಅಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ಹುಡುಗ ಹುಡುಗಿಯರು ಇದನ್ನೊಮ್ಮೆ ತೆರೆದು ನೋಡಬಾರದೇ?

ಕಥೆಗೇನು ಬರವೇ ನಮಗೆ? 1990ರ ದಶಕದಲ್ಲಿ ಮನೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದದ್ದನ್ನು ನಿಮ್ಮ ಅಪ್ಪ ಅಮ್ಮನನ್ನು ಕೇಳಿ. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸು ಹೋಗುತ್ತದೆ ಎಂದು ನಂಬಿಕೆ. ಅಂದರೆ ಕನ್ನಡ ಓದಲು ಬರುವ ದೆವ್ವ! ಆ ನಂಬಿಕೆಯ ಎಳೆ ಹಿಡಿದು 2018ರಲ್ಲಿ ಹಿಂದಿಯವರು 'ಸ್ತ್ರೀ' ಸಿನಿಮಾ ಮಾಡಿದರು. 2024ರ ಅದರ ಎರಡನೆಯ ಭಾಗ ನೂರಾರು ಕೋಟಿ ಬಾಚಿತು. ಬಾಗಿಲು ನಮ್ಮದು, ಸೀಮೆಸುಣ್ಣ ನಮ್ಮದು, ಗಲ್ಲಾ ಪೆಟ್ಟಿಗೆ ಅವರದು.

ಈಗ ನೀವು ಮಾಡಬೇಕಾದ್ದು. ಕಳ್ಳ ಪ್ರತಿ ಇಳಿಸಿಕೊಂಡು ಆಡುವವನು ಯಾರ ಲೆಕ್ಕಕ್ಕೂ ಬರುವುದಿಲ್ಲ. ರಿಯಾಯಿತಿಗೆ ಕಾಯಿರಿ, ಕೊಂಡೇ ಆಡಿ. ಆಟ ಮಾರುವ 'ಸ್ಟೀಮ್' ಅಂಗಡಿ ತನ್ನ ಗಿರಾಕಿಗಳು ಯಾವ ಭಾಷೆಯವರೆಂದು ತಿಂಗಳು ತಿಂಗಳು ಎಣಿಸಿ ಪ್ರಕಟಿಸುತ್ತದೆ. ಇಂಗ್ಲಿಷ್ ಎಂದು ಒತ್ತಿದ ಹೊಳೆನರಸೀಪುರದ ಹುಡುಗ ಅಲ್ಲಿ ಇಂಗ್ಲಿಷಿನವನೇ. ಜನಗಣತಿ ಬಂದಾಗ ತಾಯಿನುಡಿ ಕನ್ನಡ ಎಂದು ಬರೆಸಿ ಅಂತ ಮನೆ ಮನೆಗೆ ಹೋಗಿ ಹೇಳುತ್ತೇವಲ್ಲ, ಇದೂ ಗಣತಿಯೇ. ಆಟ ಕೊಂಡ ಪ್ರತಿಯೊಬ್ಬನಿಗೂ ಅದರ ಕೆಳಗೆ ಅಭಿಪ್ರಾಯ ಬರೆಯುವ ಹಕ್ಕಿದೆ, ಆ ಜಾಗ ಖಾಲಿ ಬಿಡಬೇಡಿ. ಬೈಗುಳ ಬೇಡ, ಬೆದರಿಕೆ ಬೇಡ. ಆಟ ಹೇಗಿತ್ತು, ಯಾವ ಡೈರಿ ಅರ್ಥವಾಗಲಿಲ್ಲ, ಕನ್ನಡದಲ್ಲಿ ಬಂದರೆ ಮುಂದಿನದನ್ನೂ ಕೊಳ್ಳುತ್ತೀರಾ ಎಂದು ನಾಲ್ಕು ಸಾಲು ಕನ್ನಡದಲ್ಲಿ, ಅದರ ಕೆಳಗೆ ಅದನ್ನೇ ಇಂಗ್ಲಿಷಿನಲ್ಲಿ ಬರೆಯಿರಿ. ಊರಿನ ಹೆಸರೂ ಇರಲಿ. ಕೆಲಸಕ್ಕೆಂದು ಬಂದು ಬೆಂಗಳೂರಿನ ರೂಮಿನಲ್ಲಿ ಕೂತು ಬರೆಯುತ್ತಿದ್ದರೂ ಸರಿ, ಅರಕಲಗೂಡು ಎಂದೇ ಹಾಕಿ.