ಪಲ್ಟಿಯಾದ ಲಾರಿ, ಫೋಟೊ ಇಲ್ಲದ ಪಟ್ಟಿ

ನಮ್ಮ ತುಮಕೂರು ಜಿಲ್ಲೆಯ ಪತ್ರಿಕೆಗಳಲ್ಲಿ ಆಗಾಗ ಬರುವ ಸುದ್ದಿಯೊಂದಿದೆ. ಹೆದ್ದಾರಿಯಲ್ಲಿ ಲಾರಿ ಪಲ್ಟಿ. ಒಮ್ಮೆ ಟೊಮೆಟೊ, ಇನ್ನೊಮ್ಮೆ ಮೀನು, ಮತ್ತೊಮ್ಮೆ ಅಡುಗೆ ಎಣ್ಣೆ ಅಥವಾ ಬಿಯರ್ ಬಾಟಲಿ. ಬಿಂದಿಗೆ, ಬಕೆಟ್, ಗೋಣಿಚೀಲ ಹಿಡಿದು ಮುಗಿಬಿದ್ದ ಜನ. ಮೇಲೊಂದು ತಲೆಬರಹ: ಮಾನವೀಯತೆ ಮರೆತರು. ಬೆಂಗಳೂರು–ಪುಣೆ ರಸ್ತೆ ತುಮಕೂರನ್ನು ಹಾದುಹೋಗುತ್ತದೆ, ಬೆಂಗಳೂರಿನಿಂದ ಹಾಸನ, ಮಂಗಳೂರಿಗೆ ಹೋಗುವ ರಸ್ತೆ ಕುಣಿಗಲ್ಲನ್ನು. ಲಾರಿಗಳಿಗೂ ಬರವಿಲ್ಲ, ಇಂಥ ಸುದ್ದಿಗೂ ಬರವಿಲ್ಲ. ಈಗಂತೂ ಮೊಬೈಲ್ ವಿಡಿಯೊ ಪೊಲೀಸರಿಗಿಂತ ಮೊದಲೇ ಸ್ಥಳಕ್ಕೆ ಬಂದಿರುತ್ತದೆ.

ಕ್ಯಾಬಿನ್ನಿನೊಳಗೆ ಚಾಲಕ ಸಿಕ್ಕಿಕೊಂಡು ನರಳುತ್ತಿರುವಾಗ ಎಣ್ಣೆ ಬಾಚಿಕೊಳ್ಳುವವನ ಪರ ನಾನು ವಕಾಲತ್ತು ಹಾಕುವುದಿಲ್ಲ. ಬಡತನದ ನೆಪವನ್ನೂ ಒಡ್ಡುವುದಿಲ್ಲ. ಕಾರು ನಿಲ್ಲಿಸಿ ಡಿಕ್ಕಿ ತುಂಬಿಕೊಂಡು ಹೋಗುವವರನ್ನೂ ಅದೇ ವಿಡಿಯೊಗಳಲ್ಲಿ ನೋಡಿದ್ದೇವೆ. ನನ್ನ ತಕರಾರು ಬೇರೆ. ಈ ಚಿತ್ರ ನಮ್ಮ ಕಣ್ಣಿಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಊರಿಗೆ ಊರೇ ಮುಳುಗಿದಾಗಲೂ ನಾವು ಇದನ್ನೇ ಹುಡುಕುತ್ತೇವೆ. ಕೈಯಲ್ಲಿ ಚೀಲ ಹಿಡಿದವನು ಸಿಕ್ಕಿದನೋ, ಕಳ್ಳ ಸಿಕ್ಕಿದಂತೆ. ಊರು ಮುಳುಗಿದ್ದು ಯಾಕೆ ಎಂದು ಕೇಳುವವರು ಅಷ್ಟು ಹೊತ್ತಿಗೆ ಮನೆಗೆ ಹೋಗಿರುತ್ತಾರೆ.

ಇದಕ್ಕೆ ದೊಡ್ಡ ನಿದರ್ಶನ ಅಮೆರಿಕದ್ದು. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರದ ಮೇಲೆ ಎರಗಿತು. ನಗರದ ಶೇ 80ರಷ್ಟು ಭಾಗ ನೀರಿನಡಿ ಹೋಯಿತು. ಮರುದಿನದ ಎರಡು ಸುದ್ದಿಚಿತ್ರಗಳು ಇವತ್ತಿಗೂ ಪತ್ರಿಕೋದ್ಯಮದ ತರಗತಿಗಳಲ್ಲಿ ಚರ್ಚೆಯಾಗುತ್ತವೆ. ಒಂದರಲ್ಲಿ ಎದೆಮಟ್ಟದ ನೀರಿನಲ್ಲಿ ಕಪ್ಪು ಯುವಕ. ಅಂಗಡಿ ಲೂಟಿ ಮಾಡಿ ಹೊರಟಿದ್ದಾನೆ ಎಂಬ ಒಕ್ಕಣೆ. ಇನ್ನೊಂದರಲ್ಲಿ ಅಂಥದೇ ನೀರಿನಲ್ಲಿ ಇಬ್ಬರು ಬಿಳಿಯರು. ಅಂಗಡಿಯೊಂದರಿಂದ ಬ್ರೆಡ್ಡು, ಸೋಡಾ ಸಿಕ್ಕಿತು ಎಂಬ ಒಕ್ಕಣೆ. ಚಿತ್ರಗಳು ಎರಡು ಬೇರೆ ಸುದ್ದಿಸಂಸ್ಥೆಗಳವು. ಆ ಯುವಕ ಅಂಗಡಿಯೊಳಗೆ ಹೋಗಿ ಬಂದದ್ದನ್ನು ಛಾಯಾಗ್ರಾಹಕರು ನೋಡಿದ್ದರು ಎಂದು ಮೊದಲನೆಯ ಸಂಸ್ಥೆ ಹೇಳಿತು. ಸಾಮಾನುಗಳು ಅಂಗಡಿಯಿಂದ ತೇಲಿ ಬರುತ್ತಿದ್ದವು ಎಂದು ಎರಡನೆಯ ಚಿತ್ರ ತೆಗೆದವರು ಹೇಳಿದರು. ಇಬ್ಬರೂ ಸುಳ್ಳು ಹೇಳಿರಲಾರರು. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಓದುಗನಿಗೆ ಗೊತ್ತಾಗಬೇಕಾದ್ದು ಗೊತ್ತಾಯಿತು.

ಫೋಟೊ ಒಕ್ಕಣೆಯಿಂದ ಯಾರೂ ಸಾಯುವುದಿಲ್ಲ ಎಂದು ವಾದಿಸಬಹುದು. ಮುಂದೆ ನಡೆದದ್ದನ್ನು ನೋಡಿ. ಲೂಟಿಯ ಸುದ್ದಿ ಟಿ.ವಿ.ಯಲ್ಲಿ ತಿರುತಿರುಗಿ ಬರುತ್ತಿದ್ದಂತೆ, ಆಗಸ್ಟ್ 31ರಂದು ನಗರದ ಮೇಯರ್ ರೇ ನೇಗಿನ್ ಸುಮಾರು 1,500 ಪೊಲೀಸರನ್ನು ಜನರ ಹುಡುಕಾಟ ಮತ್ತು ರಕ್ಷಣೆಯ ಕೆಲಸದಿಂದ ಬಿಡಿಸಿ ಲೂಟಿ ತಡೆಯಲು ಕಳಿಸಿದರು. ಸೂರಿನ ಮೇಲೆ ಹತ್ತಿ ಕುಳಿತು ದೋಣಿಗೆ ಕಾಯುತ್ತಿದ್ದವರು ಇನ್ನೂ ಕಾಯುತ್ತಿದ್ದರು. ಸಾವಿರಾರು ಜನ ಆಶ್ರಯ ಪಡೆದಿದ್ದ ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ ಅತ್ಯಾಚಾರ, ಕೊಲೆ, ರಾಶಿ ಹೆಣಗಳು ಎಂಬ ವದಂತಿಯನ್ನು ಪೊಲೀಸ್ ಮುಖ್ಯಸ್ಥರೇ ಟಿ.ವಿ.ಯಲ್ಲಿ ಕುಳಿತು ಹೇಳಿದರು. ಕಡೆಗೆ ಅಲ್ಲಿ ಸಿಕ್ಕಿದ್ದು ಆರು ಶವ. ಅವುಗಳಲ್ಲಿ ಒಂದೂ ಕೊಲೆಯಲ್ಲ. ಸೆಪ್ಟೆಂಬರ್ ಕೊನೆಯ ವಾರ ಅಲ್ಲಿನ ಸ್ಥಳೀಯ ಪತ್ರಿಕೆ ‘ಟೈಮ್ಸ್–ಪಿಕಯೂನ್’ ಈ ವದಂತಿಗಳನ್ನು ಒಂದೊಂದಾಗಿ ಬಿಡಿಸಿ ಬರೆಯಿತು. ಪೊಲೀಸ್ ಮುಖ್ಯಸ್ಥರು ಅದೇ ವಾರ ಹುದ್ದೆ ಬಿಟ್ಟರು. ಅಷ್ಟರೊಳಗೆ, ಸೆಪ್ಟೆಂಬರ್ 4ರಂದು, ಡಾನ್ಜಿಗರ್ ಸೇತುವೆಯ ಮೇಲೆ ನಡೆದು ಹೋಗುತ್ತಿದ್ದ ನಿರಾಯುಧ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಆಗಿತ್ತು. ಇಬ್ಬರು ಸತ್ತರು, ನಾಲ್ವರು ಗಾಯಗೊಂಡರು. ಆ ಪೊಲೀಸರಲ್ಲಿ ಹಲವರು ತಪ್ಪೊಪ್ಪಿಕೊಂಡದ್ದು 2016ರಲ್ಲಿ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ.

ನಗರವನ್ನು ಮುಳುಗಿಸಿದ್ದು ಯಾರು? ಗಾಳಿ ಮಳೆ ಪೂರ್ತಿ ಅಲ್ಲ. ಸೇನೆಯ ಎಂಜಿನಿಯರುಗಳ ದಳ ಕಟ್ಟಿದ ಪ್ರವಾಹ ತಡೆಗೋಡೆಗಳು, ಅವು ತಡೆಯಬೇಕಾಗಿದ್ದ ನೀರಿನ ಮಟ್ಟ ಮುಟ್ಟುವ ಮೊದಲೇ ಕೆಲವೆಡೆ ಕುಸಿದಿದ್ದವು. ವಿನ್ಯಾಸದಲ್ಲಿ ದೋಷವಿತ್ತೆಂದು ಆ ದಳವೇ 2006ರಲ್ಲಿ ಒಪ್ಪಿಕೊಂಡಿತು. ಗೋಡೆ ಕಟ್ಟಿದ ಎಂಜಿನಿಯರನ ಫೋಟೊ ಆ ವಾರ ಯಾವ ಪತ್ರಿಕೆಯ ಮುಖಪುಟದಲ್ಲಿ ಬಂದಿತ್ತು? ಎದೆಮಟ್ಟದ ನೀರಿನಲ್ಲಿದ್ದ ಆ ಕಪ್ಪು ಯುವಕನದು ಮಾತ್ರ ಇಂದಿಗೂ ಸಿಗುತ್ತದೆ.

ನೈಸರ್ಗಿಕ ವಿಪತ್ತಿನ ನಂತರ ಜನ ನಿಜವಾಗಿ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು 1963ರಿಂದಲೂ ಅಧ್ಯಯನ ಮಾಡುತ್ತ ಬಂದಿರುವ ಕೇಂದ್ರವೊಂದು ಈಗ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿದೆ. ಇಂಥ ಹೊತ್ತಿನಲ್ಲಿ ಲೂಟಿ ತೀರ ವಿರಳ, ಅಕ್ಕಪಕ್ಕದವರ ನೆರವೇ ಹೆಚ್ಚು ಎಂದು ಅಲ್ಲಿನ ವಿದ್ವಾಂಸರು ದಶಕಗಳಿಂದ ಹೇಳುತ್ತಿದ್ದಾರೆ. ನಮಗೆ ಈ ಅಧ್ಯಯನ ಬೇಕಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಕುಸಿದಾಗ, ಮರುವರ್ಷ ಕೃಷ್ಣೆ, ಮಲಪ್ರಭೆ ಉಕ್ಕಿದಾಗ ಅಕ್ಕಿ, ಚಾಪೆ, ರೊಟ್ಟಿ ತುಂಬಿಕೊಂಡು ಹೊರಟ ಲಾರಿಗಳನ್ನು ನಾವೇ ಕಂಡಿದ್ದೇವೆ. ಅವೇನೂ ಪಲ್ಟಿಯಾಗಲಿಲ್ಲವಾದ್ದರಿಂದ ಅಷ್ಟೊಂದು ಸುದ್ದಿಯೂ ಆಗಲಿಲ್ಲ.

ಹಸಿದವನನ್ನೇ ಕಳ್ಳ ಮಾಡಿ ನಿಲ್ಲಿಸುವ ಕೆಲಸ ನಮ್ಮ ನೆಲಕ್ಕೆ ಹೊಸದಲ್ಲ. 1876ರಿಂದ 78ರ ಬರ ಮೈಸೂರು ಸಂಸ್ಥಾನದ ಸುಮಾರು 50 ಲಕ್ಷ ಜನರಲ್ಲಿ ಹತ್ತು ಲಕ್ಷದಷ್ಟನ್ನು ನುಂಗಿತು. ಆಗ ಸಂಸ್ಥಾನ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಕಾಳು ಕದ್ದವರಿಂದ ಜೈಲುಗಳು ತುಂಬಿದವು. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ ಕಲ್ಲು ಒಡೆಯುವ ಕೆಲಸಗಾರನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕೆಂದು ರಿಚರ್ಡ್ ಟೆಂಪಲ್ ಎಂಬ ದೊಡ್ಡ ಅಧಿಕಾರಿ ಲೆಕ್ಕ ಹಾಕಿದ. ಅಂದರೆ ಅರ್ಧ ಕಿಲೋಗಿಂತ ಕಡಿಮೆ. ಅದೇ ವರ್ಷಗಳಲ್ಲಿ ಭಾರತದ ಬಂದರುಗಳಿಂದ ಇಂಗ್ಲೆಂಡಿಗೆ ಗೋಧಿಯ ಹಡಗುಗಳು ಹೊರಡುತ್ತಲೇ ಇದ್ದವು. ಅದು ವ್ಯಾಪಾರವಾದ್ದರಿಂದ ಯಾವ ಕೋರ್ಟಿನಲ್ಲೂ ಕಟಕಟೆ ಹತ್ತಲಿಲ್ಲ.

ಇಲ್ಲೊಬ್ಬ ಪತ್ರಕರ್ತನನ್ನು ನೆನೆಯಲೇಬೇಕು. ‘ಮದ್ರಾಸ್ ಟೈಮ್ಸ್’ ಸಂಪಾದಕ ವಿಲಿಯಂ ಡಿಗ್ಬಿ. ಆಳುವವರ ಜಾತಿಯವನೇ ಆಗಿದ್ದೂ, ಮದ್ರಾಸು, ಬೊಂಬಾಯಿ, ಮೈಸೂರುಗಳ ಬರದ ಆಡಳಿತವನ್ನು ಕಡತಗಳ ಸಮೇತ ಎರಡು ದಪ್ಪ ಸಂಪುಟಗಳಲ್ಲಿ 1878ರಲ್ಲೇ ಪ್ರಕಟಿಸಿದ. ಅವನ ಕಾಲದಲ್ಲೇ ಹೂಪರ್ ಎಂಬ ಸೇನಾಧಿಕಾರಿ ಮದ್ರಾಸಿನಲ್ಲಿ ಹಸಿವಿನಿಂದ ಎಲುಬುಗೂಡಾದವರನ್ನು ಸಾಲಾಗಿ ಕೂರಿಸಿ ಫೋಟೊ ತೆಗೆದಿದ್ದ. ಹೂಪರನ ಚಿತ್ರಗಳನ್ನು ನೋಡಿದರೆ ಹೊಟ್ಟೆ ಕಿವುಚುತ್ತದೆ. ಯಾರ ಮೇಲೆ ಸಿಟ್ಟಾಗಬೇಕೆಂದು ಮಾತ್ರ ಗೊತ್ತಾಗುವುದಿಲ್ಲ. ಡಿಗ್ಬಿಯ ಪುಟಗಳು ನೀರಸ, ಕೋಷ್ಟಕಗಳ ರಾಶಿ. ಆದರೆ ಯಾವ ಕಚೇರಿ ಯಾವಾಗ ಏನು ಮಾಡಲಿಲ್ಲ ಎಂಬುದು ಅಲ್ಲಿದೆ. ಆ ಬರ ಕಳೆದ ಮೇಲೆ, 1884ರಲ್ಲಿ, ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. ಕಾಳು ಸಾಗಿಸಲು ರೈಲಿರಬೇಕು ಎಂಬುದನ್ನು ಸಂಸ್ಥಾನ ಕಲಿತದ್ದು ಅಷ್ಟು ಹೆಣಗಳ ಮೇಲೆ.

ಈಗ ನಮ್ಮ ಮಳೆಗೆ ಬರೋಣ. ತುಮಕೂರಿಗೆ ಚಂಡಮಾರುತ ಬರುವುದಿಲ್ಲ, ಅದರ ಬಾಲ ಬರುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ರೇಡಿಯೊ ಹೇಳಿದರೆ ಗುಬ್ಬಿಯ ರೈತ ಆಕಾಶ ನೋಡುತ್ತಾನೆ. 2021ರ ನವೆಂಬರ್‌ನಲ್ಲಿ ಹಾಗೇ ಆಯಿತು. ಕೊಯ್ಲಿಗೆ ಬಂದ ರಾಗಿ ನೆಲಕ್ಕೆ ಮಲಗಿತು, ತೆನೆಯಲ್ಲೇ ಮೊಳಕೆ ಬಂತು. ಕೊಯ್ದು ಗುಡ್ಡೆ ಹಾಕಿದವರದೂ ಒಳಗೇ ಬೆಚ್ಚಗಾಗಿ ಕಪ್ಪಾಯಿತು. ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಪರಿಹಾರ ಹೆಚ್ಚಿಸಿತು: ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 6,800 ರೂಪಾಯಿ ಇದ್ದದ್ದು 13,600, ತೋಟಗಾರಿಕೆ ಬೆಳೆಗೆ 18,000 ಇದ್ದದ್ದು 28,000. ಒಳ್ಳೆಯ ನಿರ್ಧಾರವೇ.

ಆದರೆ ಆ ದುಡ್ಡು ಹೊಲಕ್ಕೆ ಹೋಗುವುದಿಲ್ಲ, ಪಹಣಿಗೆ ಹೋಗುತ್ತದೆ. ಅಪ್ಪ ಸತ್ತು ಪೌತಿ ಖಾತೆ ಆಗದೆ ಉಳಿದವನು, ನಾಲ್ಕು ಜನ ಅಣ್ಣತಮ್ಮಂದಿರ ಜಂಟಿ ಪಹಣಿಯವನು, ಬೇರೆಯವರ ಹೊಲ ವಾರಕ್ಕೆ ಮಾಡಿ ಬೀಜ ಗೊಬ್ಬರಕ್ಕೆ ಸಾಲ ಮಾಡಿದವನು: ಇವರ ರಾಗಿಯೂ ಮೊಳಕೆ ಬಂದಿತ್ತು. ಹೊಲದ ಮುಖ ನೋಡದೆ ಬೆಂಗಳೂರಿನಲ್ಲಿರುವ ಖಾತೆದಾರನ ಬ್ಯಾಂಕಿಗೆ ದುಡ್ಡು ಜಮೆಯಾಗುತ್ತದೆ. ಗೇಣಿಗೆ ಮಾಡಿದವನು ನಾಡಕಚೇರಿಯ ಮೆಟ್ಟಿಲ ಮೇಲೆ ಜೆರಾಕ್ಸ್ ಹಿಡಿದು ನಿಂತಿರುತ್ತಾನೆ. ಇದರಲ್ಲಿ ಯಾರೂ ಬಿಂದಿಗೆ ಹಿಡಿದು ಓಡಿದ್ದು ಕಾಣಿಸುವುದಿಲ್ಲ. ಕಾನೂನಿನ ಪ್ರಕಾರ ಹಲವು ಸಲ ಯಾರೂ ಕಳ್ಳರೂ ಅಲ್ಲ.

ಮನೆ ಪರಿಹಾರದಲ್ಲಿ ಇದು ಇನ್ನೂ ಸ್ಪಷ್ಟ. 2019ರ ನೆರೆಯ ನಂತರ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಪೂರ್ತಿ ಬಿದ್ದ ‘ಎ’ಗೆ 5 ಲಕ್ಷ ರೂಪಾಯಿ, ಅಲ್ಪಸ್ವಲ್ಪ ಹಾನಿಯ ‘ಸಿ’ಗೆ 50 ಸಾವಿರ. ಒಂದು ಅಕ್ಷರಕ್ಕೆ ನಾಲ್ಕೂವರೆ ಲಕ್ಷದ ವ್ಯತ್ಯಾಸ. ಆ ಅಕ್ಷರ ಬರೆಯುವ ಪೆನ್ನು ಯಾರ ಜೇಬಿನಲ್ಲಿದೆ, ಆ ಜೇಬಿನ ಪಕ್ಕ ಯಾರು ನಿಂತಿದ್ದಾರೆ ಎಂಬುದೇ ಹಳ್ಳಿಯಲ್ಲಿ ಆ ವರ್ಷದ ರಾಜಕೀಯ. ಬೀಳದ ಮನೆಗೆ ‘ಎ’, ಬಿದ್ದ ಮನೆಗೆ ‘ಸಿ’ ಎಂಬ ದೂರುಗಳು ಉತ್ತರ ಕರ್ನಾಟಕದ ಹಳ್ಳಿಹಳ್ಳಿಯಿಂದ ಬಂದವು. ಅದಕ್ಕೂ ಹತ್ತು ವರ್ಷ ಹಿಂದೆ, 2009ರ ನೆರೆಯ ನಂತರ, ‘ಆಸರೆ’ ಹೆಸರಿನಲ್ಲಿ ಕಟ್ಟಿದ ಎಷ್ಟೋ ಮನೆಗಳಲ್ಲಿ ಜನ ಕಾಲಿಡದೆ ಜಾಲಿಗಿಡ ಬೆಳೆಯಿತು. ಆ ಮನೆಗಳಿಗೆ ಯಾರು ಜಾಗ ಆರಿಸಿದರು, ಯಾರು ಬಿಲ್ಲಿಗೆ ಸಹಿ ಹಾಕಿದರು ಎಂಬುದನ್ನು ಹತ್ತು ಸೆಕೆಂಡಿನ ವಿಡಿಯೊ ಹೇಳಲಾರದು.

ಟಿ.ವಿ.ಗೆ ಬೇಕಾದ್ದು ಆ ಹತ್ತು ಸೆಕೆಂಡು. 2018ರಲ್ಲಿ ಆಗಿನ ಲೋಕೋಪಯೋಗಿ ಸಚಿವ ಎಚ್.ಡಿ. ರೇವಣ್ಣ ರಾಮನಾಥಪುರದ ಪರಿಹಾರ ಕೇಂದ್ರದಲ್ಲಿ ಸಂತ್ರಸ್ತರತ್ತ ಬಿಸ್ಕತ್ ಪೊಟ್ಟಣ ಎಸೆದ ದೃಶ್ಯ ನೆನಪಿದೆಯಲ್ಲ? ನೆನಪಿರಲೇಬೇಕು, ಅಷ್ಟು ಸಲ ತೋರಿಸಿದರು. ಖಂಡಿಸಬೇಕಾದ ವರ್ತನೆಯೇ. ಆದರೆ ಅದೇ ವರ್ಷ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕೊಡಗಿನ ಭೂಕುಸಿತಕ್ಕೆ ರಸ್ತೆಗೆ, ಕಟ್ಟಡಕ್ಕೆ ಗುಡ್ಡ ಕಡಿದದ್ದನ್ನೂ ಕಾರಣವಾಗಿ ಹೇಳಿದ್ದು ಎಷ್ಟು ಜನರಿಗೆ ನೆನಪಿದೆ? ಗುಡ್ಡ ಕಡಿಯಲು ಅನುಮತಿ ಕೊಟ್ಟವರ ಮುಖ ನಮಗೆ ಇವತ್ತಿಗೂ ಗೊತ್ತಿಲ್ಲ.

ಇನ್ನು ದೂರು ಹೊರಿಸುವ ಆಟ. 2022ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿದಾಗ ದೇಶದ ಕ್ಯಾಮೆರಾಗಳೆಲ್ಲ ಟ್ರ್ಯಾಕ್ಟರಿನಲ್ಲಿ ಕಚೇರಿಗೆ ಹೊರಟ ಸಾಫ್ಟ್‌ವೇರ್ ಉದ್ಯೋಗಿಗಳ ಹಿಂದೆ ಹೋದವು. ಆ ಮಳೆಗಾಲದಲ್ಲೇ ನಮ್ಮ ಕೆರೆಗಳು ಕೋಡಿ ಬಿದ್ದು, ತುಮಕೂರಿನ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತ್ತು. ನಮಗೆ ಸಿಕ್ಕಿದ್ದು ಜಿಲ್ಲಾ ಪುಟ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹಿಂದಿನ ಕಾಂಗ್ರೆಸ್ ಸರ್ಕಾರಗಳ ದುರಾಡಳಿತವನ್ನು ದೂರಿದರು. ಕಾಂಗ್ರೆಸ್ಸಿನವರು ಬಿಜೆಪಿಯನ್ನು ದೂರಿದರು. ರಾಜಕಾಲುವೆಯ ಮೇಲೆ ಜೆಸಿಬಿ ಎರಡು ವಾರ ಓಡಾಡಿ ಸುಮ್ಮನಾಯಿತು. 2023ರ ಬರದಲ್ಲಿ ಪಾತ್ರಗಳು ಅದಲು ಬದಲು. ರಾಜ್ಯ 18 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಕೇಳಿತು. ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ, 2024ರ ಏಪ್ರಿಲ್‌ನಲ್ಲಿ, ಕೇಂದ್ರ 3,454 ಕೋಟಿ ಕೊಟ್ಟಿತು. ಈ ಜಗಳ ಮುಗಿಯುವ ತನಕ ಕುಣಿಗಲ್ಲಿನ ರೈತನ ಖಾತೆಗೆ ಬಂದದ್ದು ಮೊದಲ ಕಂತಿನ ಗರಿಷ್ಠ 2,000 ರೂಪಾಯಿ.

ನಮ್ಮೊಳಗೂ ಇದೇ ಕಥೆ. 2025ರ ಮೇ 31ರಂದು, ಕುಣಿಗಲ್ ಕಡೆಗೆ ನೀರು ಒಯ್ಯುವ ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿರುದ್ಧ ಗುಬ್ಬಿ ತಾಲ್ಲೂಕಿನಲ್ಲಿ ದೊಡ್ಡ ಹೋರಾಟ ನಡೆಯಿತು. ಪೈಪಿನಲ್ಲಿ ನಮ್ಮ ನೀರು ದೋಚುತ್ತಾರೆ ಎಂಬುದು ಗುಬ್ಬಿ, ತುಮಕೂರಿನವರ ಸಿಟ್ಟು. ನಮ್ಮ ಪಾಲು ಇಷ್ಟು ವರ್ಷ ದೋಚಿದವರು ನೀವೇ ಎಂಬುದು ಕುಣಿಗಲ್ಲಿನವರ ಉತ್ತರ. ಎರಡೂ ಕಡೆ ಅನ್ಯಾಯದ ನೆನಪು ಇದೆ. ಮೇಲಿನ ನಾಲೆಯಿಂದ ಯಾವ ತೂಬಿಗೆ ಯಾವ ವರ್ಷ ಎಷ್ಟು ನೀರು ಹರಿಯಿತು ಎಂಬ ಅಂಕಿ ಮಾತ್ರ ಇಬ್ಬರ ಭಾಷಣದಲ್ಲೂ ಕಾಣುವುದಿಲ್ಲ. ಅಂಕಿ ಇದ್ದರೆ ಭಾಷಣ ಚಿಕ್ಕದಾಗುತ್ತದೆ ಎಂಬ ಭಯವೋ ಏನೋ.

ಜಿಲ್ಲೆಯ ವರದಿಗಾರ ಮಿತ್ರರಿಗೆ ನನ್ನದೊಂದು ಕೋರಿಕೆ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸಹಾಯಧನದ ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೂ ಇಲಾಖೆಗಳೇ ಪ್ರಕಟಿಸಬೇಕು. ಮುಂದಿನ ಸಲ ಮಳೆ ಬಂದು ಮನೆ, ಬೆಳೆ ಹೋದಾಗ ಗುಬ್ಬಿಯ ಒಂದು ಪಂಚಾಯಿತಿ, ಕುಣಿಗಲ್ಲಿನ ಒಂದು ಪಂಚಾಯಿತಿ ಆರಿಸಿಕೊಳ್ಳಿ. ಪರಿಹಾರದ ಪಟ್ಟಿ ಹಿಡಿದು ಮನೆಮನೆಗೆ ಹೋಗಿ: ‘ಎ’ ಎಂದಿರುವ ಕಡೆ ಗೋಡೆ ಬಿದ್ದಿದೆಯೇ, ‘ಸಿ’ ಎಂದಿರುವ ಕಡೆ ನಿಂತಿದೆಯೇ ಎಂದು ನೋಡಿ ಬರೆಯಿರಿ. ಪಟ್ಟಿ ಅಂತಿಮ ಮಾಡಿದ ಅಧಿಕಾರಿಯ ಹುದ್ದೆ, ಸಹಿ ಬಿದ್ದ ದಿನಾಂಕ ಹಾಕಿ. ಲಾರಿ ಪಲ್ಟಿಯಷ್ಟು ಜನ ಓದಲಿಕ್ಕಿಲ್ಲ, ಒಪ್ಪುತ್ತೇನೆ. ಆ ಪಂಚಾಯಿತಿಯವರಂತೂ ಓದುತ್ತಾರೆ. ಪುಟದಲ್ಲಿ ಜಾಗವಿಲ್ಲ ಎಂದು ಮಾತ್ರ ಹೇಳಬೇಡಿ. ಮುಖಂಡರ ಹುಟ್ಟುಹಬ್ಬದ ಶುಭಾಶಯಕ್ಕೆ ಸಿಗುವ ಜಾಗದಲ್ಲಿ ಅರ್ಧ ಸಾಕು.