ಹೂವಿಗೂ ಪುಣ್ಯಕ್ಕೂ ಗಂಟು ಹಾಕುವುದೇಕೆ?

ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಯಂಗಳಗಳಲ್ಲಿ ರಾತ್ರಿ ಅರಳಿದ ಬ್ರಹ್ಮಕಮಲದ ಚಿತ್ರಗಳು ಈ ವಾರವೂ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಹನ್ನೆರಡು ವರ್ಷಕ್ಕೊಮ್ಮೆ ಮಾತ್ರ ಅರಳುವ ಹೂವಿದು, ಪುಣ್ಯವಂತರ ಮನೆಗಷ್ಟೇ ಒಲಿಯುತ್ತದೆ ಎಂಬ ಒಕ್ಕಣೆಯೂ ಎಂದಿನಂತೆ ಅವುಗಳಿಗೆ ಅಂಟಿಕೊಂಡಿತ್ತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಮಕ್ಕಳಿಗೆ ಬುದ್ಧಿ ಹೇಳುವ ಹಿರಿಯರೇ, ಹೋದ ವರ್ಷ ಅದೇ ಕುಂಡದಲ್ಲಿ ಹೂ ನೋಡಿದ್ದರೂ, ಈ ಮಾತನ್ನು ಇನ್ನೊಬ್ಬರಿಗೆ ದಾಟಿಸುತ್ತಾರೆ.

ಎಪಿಫಿಲಮ್ ಆಕ್ಸಿಪೆಟಲಮ್ ಎಂಬ ಶಾಸ್ತ್ರೀಯ ನಾಮದ ಈ ಗಿಡ ಕಳ್ಳಿಯ ಕುಟುಂಬಕ್ಕೆ ಸೇರಿದ್ದು. ದಕ್ಷಿಣ ಮೆಕ್ಸಿಕೊ, ಗ್ವಾಟೆಮಾಲಾ ಮೊದಲಾದ ಕಡೆಗಳ ಕಾಡು ಅದರ ತವರು. ಉತ್ತರಾಖಂಡದ ರಾಜ್ಯಪುಷ್ಪವಾದ ಹಿಮಾಲಯದ ಬ್ರಹ್ಮಕಮಲವಾದರೋ ಸೂರ್ಯಕಾಂತಿಯ ಕುಟುಂಬದ ಬೇರೆಯೇ ಸಸ್ಯ. ಕಾಡಿನಲ್ಲಿ ಈ ಕಳ್ಳಿ ಅಪ್ಪುಸಸ್ಯವಾಗಿ ಬೆಳೆಯುತ್ತದೆ, ಎಂದರೆ ಮರದ ಕವಲುಗಳ ಆಸರೆ ಪಡೆದರೂ ಬದನಿಕೆಯಂತೆ ಮರದ ರಸ ಹೀರದೆ, ಸಂದಿಯಲ್ಲಿ ಕೊಳೆತ ತರಗೆಲೆ ಮತ್ತು ಮಳೆನೀರಿನಿಂದ ಬದುಕುತ್ತದೆ. ಎಲೆಯಂತೆ ಕಾಣುವ ಅದರ ಚಪ್ಪಟೆ ಭಾಗ ನಿಜಕ್ಕೂ ಕಾಂಡವಾಗಿದ್ದು, ಅಂಚಿನ ಕಚ್ಚುಗಳಲ್ಲಿ ಮೂಡಿದ ಮೊಗ್ಗು ಉದ್ದನೆಯ ಕೊಳವೆಯ ತುದಿಯಲ್ಲಿ ಕೆಳಕ್ಕೆ ಜೋತು, ಅರಳುವ ದಿನ ಸಮೀಪಿಸಿದಂತೆ ಕತ್ತು ಬಾಗಿಸಿ ಮೇಲೇಳುತ್ತದೆ. ಕತ್ತಲಾದ ಮೇಲೆ ಹೊರದಳಗಳು ಬಿಚ್ಚಿಕೊಂಡು, ನಡುರಾತ್ರಿಯ ಹೊತ್ತಿಗೆ ಹೂ ಅಂಗೈಯಗಲಕ್ಕೆ ತೆರೆದು, ಕೇಸರಗಳ ದಟ್ಟಣೆಯ ನಡುವೆ ಪರಾಗ ಹಿಡಿಯುವ ಕವಲುತುದಿಯಾದ ಶಲಾಕಾಗ್ರವನ್ನು ತೋರಿಸಿ, ಇರುಳಲ್ಲಿ ಹಾರುವ ಪತಂಗಗಳನ್ನು ಪರಿಮಳದಿಂದ ಕರೆದು, ಬೆಳಗಾಗುವಷ್ಟರಲ್ಲಿ ಬಾಡುತ್ತದೆ. ಹೂವಿನ ಆಯುಸ್ಸು ಒಂದೇ ರಾತ್ರಿಯದಾದರೂ ಬಲಿತ ಗಿಡ ವರ್ಷವರ್ಷವೂ, ಎಷ್ಟೋ ಸಲ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ, ಹೂ ಬಿಡುತ್ತದೆ. ಇಷ್ಟು ಸೊಗಸಿಗೆ ಸುಳ್ಳಿನ ಒಗ್ಗರಣೆ ಬೇಕಿಲ್ಲ.

ತಪ್ಪು ತಿಳಿವಳಿಕೆ ಅಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಆದರೆ ಅರಳಿದ ಹೂ ಪುಣ್ಯವೆಂದಾದರೆ ಅರಳದ ಗಿಡ ಯಾರದೋ ಪಾಪವೆಂದಾಗಲೇಬೇಕು, ಆ ಹೊರೆ ಗಿಡಕ್ಕೆ ನೀರು ಹಾಕುವ ಹೆಣ್ಣಿನ ತಲೆಗೇ ಬೀಳುತ್ತದೆ. ‘ಅವರ ಮನೇಲಿ ಐದು ಹೂ ಬಿಟ್ಟವಂತೆ, ನಮ್ಮನೇಲಿ ಒಂದೂ ಇಲ್ಲ, ಎಲ್ಲಾ ಬಂದೋಳ ಕಾಲ್ಗುಣ’ ಎಂದು ಸೊಸೆಯ ಕಿವಿಗೆ ಬೀಳುವಂತೆ ಆಡುವ ಮಾತು ಭಕ್ತಿಯಲ್ಲ, ದೇವರ ಹೆಸರಿನ ಕ್ರೌರ್ಯ. ಮಕ್ಕಳನ್ನು ನಿದ್ದೆಯಿಂದ ಎಬ್ಬಿಸಿ ಮಂಗಳಾರತಿ ಎತ್ತುವ ಮನೆಗಳಲ್ಲಿ ಆ ಮಕ್ಕಳ ಮುಂದೆಯೇ ಇಂಥ ಮಾತು ಹೊರಬೀಳುವುದು ಇನ್ನೂ ಹೇಯ.

ಗಿಡ ಹೂ ಬಿಡದಿರುವುದಕ್ಕೆ ಕಾರಣ ಕುಂಡದಲ್ಲಿದೆ. ಗಿಡ ಇನ್ನೂ ಎಳೆಯದಿರಬಹುದು, ಬೆಳಕು ಕಾಣದ ಮೂಲೆಯಲ್ಲಿರಬಹುದು, ಇಲ್ಲವೇ ಅದರ ಬುಡದಲ್ಲಿ ನೀರು ನಿಂತಿರಬಹುದು. ವಿಶ್ವೇಶ್ವರಯ್ಯ ನಾಲೆಯ ಈ ಸೀಮೆಯಲ್ಲಿ ಭತ್ತದ ಗದ್ದೆಗೆ ನೀರು ಕಟ್ಟುವ ಕೈ ಕುಂಡಕ್ಕೂ ಹಾಗೆಯೇ ಸುರಿಯುತ್ತದೆ. ಮರದ ಮೇಲೆ ಬೆಳೆದು ಬೇರಿಗೆ ಗಾಳಿಯಾಡುವುದನ್ನು ಬಯಸುವ ಗಿಡ ಅದರಿಂದ ಕೊಳೆಯುತ್ತದೆ.

ಹೂ ಕಂಡ ಮನೆಯವರು ಚಿತ್ರ ಹಂಚುವುದರ ಜೊತೆಗೆ, ಗಿಡದ ಒಂದು ತುಂಡನ್ನು ಪಕ್ಕದ ಮನೆಗೂ ಕೊಡಲಿ. ಕತ್ತರಿಸಿದ ತುದಿ ಕೆಲವು ದಿನ ನೆರಳಲ್ಲಿ ಆರಿದ ಮೇಲೆ ಮರಳು ಬೆರೆತ ಮಣ್ಣಿಗೆ ಊರಿದರೆ, ಅದು ಯಾರ ಮನೆಯಲ್ಲಾದರೂ ಬೇರು ಬಿಡುತ್ತದೆ.